ವೀರಭದ್ರಯ್ಯ ಮೇಷ್ಟ್ರ ಕೊನೆಯ ತಪಾಸಣೆ

ಮೊನ್ನೆ ಇಬ್ಬರು ಹೊಸ ಮೇಷ್ಟ್ರುಗಳು ನಮ್ಮ ಮನೆ ಜಗಲಿ ಮೇಲೆ ಬಂದು ಕೂತರು. ಅವರ ಸ್ಕೂಲಿಗೆ ತಪಾಸಣೆ ಬರುತ್ತಂತೆ, ಮಾನ್ಯತೆ ಮುಂದುವರಿಸಬೇಕೋ ಬೇಡವೋ ಅಂತ ನೋಡೋದಕ್ಕೆ. "ನಿಮ್ಮ ಕಾಲದಲ್ಲಿ ಹೆಂಗೆ ತಯಾರಿ ಮಾಡ್ತಿದ್ರಿ ಸಾರ್, ಸ್ವಲ್ಪ ಹೇಳಿಕೊಡಿ" ಅಂದರು. ನನಗೆ ಯಾಕೋ ಸಿಟ್ಟು ಬಂತು. ಕಾಫಿ ಕುಡಿದು ಹೋಗ್ರಪ್ಪ ಅಂತ ಕಳಿಸಿಬಿಟ್ಟೆ. ಅವರು ಹೋದ ಮೇಲೆ ಮನಸ್ಸು ತಡೀಲಿಲ್ಲ. ಪಾಪ, ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಅವರೇನು ಮಾಡಿದಾರೆ. ಅದಕ್ಕೇ ಇದನ್ನ ಬರೆಯೋಕೆ ಕೂತೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು, ಅದೆಲ್ಲ ಬರೆಯೋದಿಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಹೇಳೋದು ಮಹಾರಾಜರ ಸರ್ಕಾರದ ಕಾಲದ ಮಾತು. ಆಗ ಹಳ್ಳಿ ಕಡೆಯ ಮಿಡ್ಲ್ ಸ್ಕೂಲುಗಳಿಗೆ ಮಾನ್ಯತೆ ಖಾಯಂ ಆಗಿ ಸಿಗುತ್ತಿರಲಿಲ್ಲ. ಕೆಲವು ವರ್ಷಕ್ಕೊಂದು ಸಲ ತುಮಕೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರಬೇಕು, ಕಟ್ಟಡ ನೋಡಬೇಕು, ಮೇಷ್ಟ್ರುಗಳ ಪಾಠ ಕೇಳಬೇಕು, ಮಕ್ಕಳನ್ನ ಪ್ರಶ್ನೆ ಕೇಳಬೇಕು. ಒಪ್ಪಿಗೆಯಾದರೆ ಮುಂದಿನ ತಪಾಸಣೆ ತನಕ ನಡೆಸಿಕೊಂಡು ಹೋಗಿ ಅಂತ ಬರೆದು ಹೋಗ್ತಾರೆ. ಇಲ್ಲದಿದ್ದರೆ ಮೇಲಿನ ತರಗತಿ ಮುಚ್ಚಿದ ಹಾಗೇ ಲೆಕ್ಕ. ಆ ಊರಿನ ಮಕ್ಕಳು ಮಧುಗಿರಿಗೋ ಶಿರಾಕ್ಕೋ ಹೋಗಿ ಯಾರದಾದರೂ ಮನೇಲಿ ವಾರಾನ್ನ ಮಾಡಿಕೊಂಡು ಓದಬೇಕು. ಹೆಣ್ಣು ಮಕ್ಕಳಾದರೆ ಅಲ್ಲಿಗೆ ಓದು ಮುಗೀತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಧುಗಿರಿ ತಾಲ್ಲೂಕಿನ ಒಂದು ಸ್ಕೂಲಿನಲ್ಲಿದ್ದೆ. ದೊಡ್ಡೇರಿಗೆ ಸಂತೆಗೆ ಹೋಗಿಬರುವಷ್ಟು ದೂರದ ಹಳ್ಳಿ. ಅಲ್ಲಿ ಮೊದಲನೇ ತಪಾಸಣೆ ನೋಡಿದೆ. ನಮ್ಮ ಹೆಡ್ ಮೇಷ್ಟ್ರಿಗೆ ಸಾಹೇಬರ ಹೆಸರು ಕೇಳಿದರೇ ಕೈಕಾಲು ಆಡ್ತಿರಲಿಲ್ಲ. ಗೋಡೆ ಮಾಸಿದೆ, ಸುಣ್ಣ ಆಗಬೇಕು ಅಂತ ತಿಂಗಳಿಂದ ಗೊಣಗಿ ಗೊಣಗಿ, ಕೊನೆಗೆ ಹಿಂದಿನ ದಿನ ಸಾಯಂಕಾಲ ಸುಣ್ಣ ಹೊಡೆಸಿದರು. ಆ ವಾರವೆಲ್ಲ ಮೋಡ. ಸುಣ್ಣ ಎಲ್ಲಿಂದ ಆರಬೇಕು. ಸಾಹೇಬರು ಕಪ್ಪು ಕೋಟು ಹಾಕಿಕೊಂಡು ಬಂದು, ನಿಂತು ಸಾಕಾಗಿ ಗೋಡೆಗೆ ಒರಗಿದರು. ತಿರುಗಿ ಹೊರಟಾಗ ಕೋಟಿನ ಬೆನ್ನೆಲ್ಲ ಬೆಳ್ಳಗೆ. ಮಕ್ಕಳು ಕಿಸಕ್ ಅಂದವು. ಸಾಹೇಬರು ನಗಲಿಲ್ಲ. ಮಾನ್ಯತೆ ಏನೋ ಸಿಕ್ಕಿತು, ಆದರೆ ನಾವು ಮೇಷ್ಟ್ರುಗಳೆಲ್ಲ ಚೆಲ್ಲಾಪಿಲ್ಲಿಯಾದೆವು. ನನ್ನನ್ನ ಪಾವಗಡದ ಕಡೆಗೆ ಹಾಕಿದರು. ಆಗ ಪಾವಗಡಕ್ಕೆ ವರ್ಗ ಅಂದರೆ ಮನೆಯವರು ಅಳೋರು.

ನಾನು ಹೋದ ಊರಿನ ಹೆಸರು ಬರೆಯೋದಿಲ್ಲ. ಅಲ್ಲಿನವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಪಾವಗಡದಿಂದ ವಳ್ಳೂರಿನ ಕಡೆ ಹೋಗೋ ದಾರಿಯಲ್ಲಿ ಒಂದು ದೊಡ್ಡ ಹಳ್ಳಿ ಅಂತ ತಿಳಕೊಂಡರೆ ಸಾಕು. ಬಂಡೆ, ಜಾಲಿ, ಬಿಸಿಲು. ಮನೆಯೊಳಗೆ ಎಲ್ಲರೂ ತೆಲುಗು, ಸ್ಕೂಲಿನಲ್ಲಿ ಕನ್ನಡ. ಮೊದಲ ದಿನ ಒಂದು ಮಗುವನ್ನ ಯಾಕೆ ಲೇಟು ಅಂತ ಕೇಳಿದರೆ, "ನಮ್ಮಮ್ಮ ಇಂಕಾ ಸಂಗಟಿ ಮಾಡಿರಲಿಲ್ಲ ಸಾರ್" ಅಂದಿತು. ಸಂಗಟಿ ಅಂದರೆ ಮುದ್ದೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ಅಲ್ಲಿ ಹೆಡ್ ಮೇಷ್ಟ್ರು ಸುಬ್ಬರಾಯರು. ಒಳ್ಳೇ ಮನುಷ್ಯ, ಆದರೆ ಸದಾ ಆತಂಕ. ಮಾತಾಡುವಾಗ ಧೋತ್ರದ ಚುಂಗು ತಿರುವುತ್ತಾ ಇರೋರು. ಜವಾನ ಪೀರ್ ಸಾಬಿ, ಶಿರಾದವನು. ಆಮೇಲೆ ವೀರಭದ್ರಯ್ಯ ಮೇಷ್ಟ್ರು. ಕೊರಟಗೆರೆಯವರು, ಹಣೆ ತುಂಬ ವಿಭೂತಿ, ದೊಡ್ಡ ಪೇಟ, ಬಣ್ಣದ ಕನ್ನಡಕ. ಬಿಸಿಲಿಗೆ ಕಣ್ಣು ತಡೆಯಲ್ಲ, ಅದಕ್ಕೇ ಆ ಕನ್ನಡಕ ಅಂತ ಅವರೇ ಎಲ್ಲರಿಗೂ ಹೇಳೋರು. ನನ್ನ ತರಗತಿಗೂ ಅವರದಕ್ಕೂ ನಡುವೆ ಎದೆಮಟ್ಟದ ಗೋಡೆ ಅಷ್ಟೇ. ಅವರ ಪಾಠ ಶುರುವಾದರೆ ನನ್ನ ಮಕ್ಕಳೂ ಆ ಕಡೆಗೇ ಕಿವಿ ಕೊಡುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗೋದು, ಸುಳ್ಳು ಯಾಕೆ ಹೇಳಲಿ.

ಅವರಿಗೆ ಕಣ್ಣು ಕಾಣೋದಿಲ್ಲ ಅನ್ನೋದು ನನಗೆ ತಿಳಿದದ್ದು ನಾನು ಆ ಊರಿಗೆ ಹೋಗಿ ಬಹಳ ದಿನಗಳಾದ ಮೇಲೆ. ಒಂದು ದಿನ ಅವರ ಮೇಜಿನ ಮೇಲೆ ನನ್ನ ಛತ್ರಿ ಇಟ್ಟು ಮರೆತು ಬಂದಿದ್ದೆ. ಅವರು ಒಳಗೆ ಬಂದು ಎಂದಿನ ಹಾಗೆ ಮೇಜಿನ ಮೇಲೆ ಕೈಯಿಟ್ಟರು, ಛತ್ರಿ ತಗುಲಿತು, ಹಾವು ತುಳಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಮೆಲ್ಲಗೆ ತಡವಿ ನೋಡಿ, "ಯಾರದಪ್ಪ ಈ ಛತ್ರಿ?" ಅಂದರು. ನಾನು ಎದುರಿಗೇ ನಿಂತಿದ್ದೆ. ಅವರ ಮುಖ ನನ್ನ ಭುಜದಾಚೆಗೆ ನೋಡುತ್ತಿತ್ತು.

ಸುಬ್ಬರಾಯರನ್ನ ಕೇಳಿದೆ. ಅವರು ಬಾಗಿಲು ಮುಚ್ಚಿ ಕೂರಿಸಿಕೊಂಡು ಹೇಳಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತಂತೆ. ಊರೂರು ತಿರುಗಿ ಪೊರೆ ತೆಗೆಯೋನು ಒಬ್ಬ ಬಂದಿದ್ದ, ಅವನ ಕೈಗೆ ಒಂದು ಕಣ್ಣು ಕೊಟ್ಟರು. ಅದು ಕೀವು ತುಂಬಿ ಹೋಯಿತು. ಇನ್ನೊಂದನ್ನ ಯಾರ ಕೈಗೂ ಕೊಡೋದಿಲ್ಲ ಅಂತ ಹಟ ಹಿಡಿದು, ಸಿದ್ದರಬೆಟ್ಟದಿಂದ ಸೊಪ್ಪು ತರಿಸಿ ರಸ ಬಿಟ್ಟುಕೊಂಡು ಬಿಟ್ಟುಕೊಂಡು ಅದನ್ನೂ ಕಳಕೊಂಡರು. ಈಗ ಬೆಳಕು ಯಾವ ಕಡೆ ಇದೆ ಅನ್ನೋದಷ್ಟೇ ಗೊತ್ತಾಗುತ್ತೆ.

"ಮೇಲಕ್ಕೆ ಬರೀಬೇಕಾಗಿತ್ತು ರಂಗಪ್ಪ, ನನ್ನ ಕರ್ತವ್ಯ ಅದು," ಅಂದರು ಸುಬ್ಬರಾಯರು. "ಬರೆಯೋಕೆ ಅಂತ ಕೂತಿದ್ದೆ ಕೂಡ. ಅಷ್ಟರಲ್ಲಿ ಅವರೇ ಬಂದರು. ಮನೇಲಿ ಕೂತರೆ ನಾನು ಕುರುಡ ಸುಬ್ಬರಾಯರೇ, ಇಲ್ಲಿ ನಿಂತರೆ ಮೇಷ್ಟ್ರು, ಅಂದುಬಿಟ್ಟರು. ನನ್ನ ಕೈ ಓಡಲಿಲ್ಲ."

ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕೆಲಸ ಹೋದರೆ ಕೊರಟಗೆರೆಯಲ್ಲಿ ತಮ್ಮನ ಮನೆ ನಡುಮನೆಯಲ್ಲಿ ಒಂದು ಕಂಬಕ್ಕೆ ಒರಗಿ ಕೂರೋದು, ಅಷ್ಟೇ ಬಾಕಿ. ಅದಕ್ಕಿಂತ ಹೆಚ್ಚಾಗಿ ಅವರಿಗೆ ಒಂದು ಭಯವಿತ್ತು. ಮಕ್ಕಳಿಗೆ ಗೊತ್ತಾಗಬಾರದು. ಅದನ್ನ ನನಗೂ ಒಂದು ಸಲ ಬಾಯಿಬಿಟ್ಟು ಹೇಳಿದರು. "ನೋಡಿ ರಂಗಪ್ಪ, ನಿಮಗೆ ಗೊತ್ತು, ರಾಯರಿಗೆ ಗೊತ್ತು, ಪೀರ್ ಸಾಬಿಗೆ ಗೊತ್ತು. ಅಷ್ಟಕ್ಕೇ ಇರಲಿ. ಮಕ್ಕಳು ನನ್ನ ಅಯ್ಯೋ ಪಾಪ ಅಂತ ನೋಡೋ ಹಾಗಾದರೆ ಆವತ್ತೇ ನಾನು ಸತ್ತ ಹಾಗೆ. ಕುರುಡನ ಮಾತು ಯಾವ ಮಗು ಕೇಳುತ್ತೆ."

ಅವರ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಬೆಳಗ್ಗೆ ಪೀರ್ ಸಾಬಿ ಮನೆ ಮುಂದೆ ಹಾದು ಹೋಗೋನ ಹಾಗೆ ಹೋಗಿ, ಹರಟೆ ಹೊಡೀತಾ ಜೊತೆಗೆ ಕರಕೊಂಡು ಬರೋನು. "ಸಂಭಾಲ್ಕೆ ಮೇಷ್ಟ್ರೇ, ಇಲ್ಲಿ ಗೌಡರ ಎಮ್ಮೆ ಅಡ್ಡ ಕಟ್ಟವ್ರೆ" ಅಂತ ಮಾತಿನ ನಡುವೆ ಸೇರಿಸಿಬಿಡೋನು. ಹಾಜರಿ ಕೂಗೋದು ನೆನಪಿನಿಂದ. ಮಗು ಬಂದಿದೆಯೋ ಇಲ್ಲವೋ ಅಂತ ನಾನು ಗೋಡೆಯಾಚೆಯಿಂದ ಕೇಳಿ ಗುರುತು ಹಾಕಿಕೊಳ್ಳುತ್ತಿದ್ದೆ. ಬರಹ ತಿದ್ದೋದಕ್ಕೆ ಒಂದು ಮಗುವಿನದನ್ನ ಇನ್ನೊಂದು ಮಗು ಗಟ್ಟಿಯಾಗಿ ಓದಬೇಕು, ತಪ್ಪು ಕೇಳಿದ ಕೂಡಲೇ "ನಿಲ್ಲು, ಅಲ್ಲಿ ಏನು ಬರೆದಿದೆ ಮತ್ತೆ ಹೇಳು" ಅನ್ನೋರು. ಪದ್ಯ, ಗದ್ಯ, ಎಲ್ಲ ಬಾಯಲ್ಲಿತ್ತು. ಈ ರೀತಿಯಲ್ಲಿ ಹಿಂದಿನ ತಪಾಸಣೆಯೂ ಸಲೀಸಾಗಿ ದಾಟಿತ್ತು. ಹಳೇ ಸಾಹೇಬರಿಗೆ ಬಾಯಿಪಾಠ ಇಷ್ಟ. ಮಗ್ಗಿ, ಪದ್ಯ ಒಪ್ಪಿಸಿದರೆ ಕಣ್ಣು ಮುಚ್ಚಿಕೊಂಡು ತಲೆದೂಗಿ, ಎಳನೀರು ಕುಡಿದು ಎದ್ದು ಹೋಗೋರು.

ಆಮೇಲೆ ಬಂತು ನೋಡಿ ಹೊಸ ಪದ್ಧತಿ. ಬಾಯಿಪಾಠ ಬೇಡ, ಮಕ್ಕಳು ಕಣ್ಣಾರೆ ನೋಡಿ ಕಲೀಬೇಕು ಅಂತ ಸರ್ಕ್ಯುಲರ್ ಹೊರಡಿಸಿದರು. ಎಲೆ ಅಂದರೆ ಎಲೆ ತಂದು ತೋರಿಸಬೇಕು, ನದಿ ಅಂದರೆ ಭೂಪಟದಲ್ಲಿ ಬೆರಳಿಟ್ಟು ತೋರಿಸಬೇಕು. ಮೇಷ್ಟ್ರು ತೋರಿಸದೆ ಭೂಗೋಳ ಹೇಳಿದರೆ ಅದು ಪಾಠವೇ ಅಲ್ಲ. ತಪ್ಪೇನಿಲ್ಲ, ಒಳ್ಳೇ ಪದ್ಧತಿಯೇ. ನಾನೇ ಎಷ್ಟೋ ವರ್ಷ ಅದನ್ನ ನಡೆಸಿದೆ, ಮಕ್ಕಳಿಗೆ ಉಪಯೋಗವಾಯಿತು. ಆದರೆ ಆ ಕಾಗದ ಓದಿ ಮುಗಿಸಿದಾಗ ಸುಬ್ಬರಾಯರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಸ ಸಾಹೇಬರು ಬಹಳ ಬಿಗಿ ಅಂತ ಬೇರೆ ಸುದ್ದಿಯಿತ್ತು. ಶಿರಾ ಕಡೆ ಒಬ್ಬ ಮೇಷ್ಟ್ರನ್ನ ನಿಂತ ನಿಲುವಿನಲ್ಲೇ ತೆಗೆದರಂತೆ.

ವೀರಭದ್ರಯ್ಯನವರು ಹೆದರಲಿಲ್ಲ. "ಭೂಪಟ ತಾನೆ, ಕಲಿತರಾಯ್ತು" ಅಂದರು. ನಮ್ಮ ಸ್ಕೂಲಿನಲ್ಲಿ ಮೈಸೂರು ಸೀಮೆಯ ಭೂಪಟ ಒಂದಿತ್ತು. ಬಟ್ಟೆ ಅಂಟಿಸಿದ್ದು, ಬಹಳ ಹಳೇದು. ಮಡಿಚಿ ಮಡಿಚಿ ನಡುವೆ ಹರಿದಿತ್ತು. ಪೀರ್ ಸಾಬಿ ಗೋಣಿದಾರದಲ್ಲಿ ದಪ್ಪವಾಗಿ ಹೊಲಿದಿದ್ದ. ಒಂದು ಮೂಲೆಯನ್ನ ಇಲಿ ತಿಂದಿತ್ತು. ದಿನಾ ಮಕ್ಕಳು ಮನೆಗೆ ಹೋದ ಮೇಲೆ ಮೇಷ್ಟ್ರು ಆ ಭೂಪಟದ ಮುಂದೆ ನಿಲ್ಲೋರು. ನಾನು ಅವರ ಬೆರಳು ಹಿಡಿದು ಇದು ಕಾವೇರಿ, ಇದು ತುಂಗಭದ್ರೆ, ಇದು ತುಮಕೂರು ಅಂತ ಇಡಿಸುತ್ತಿದ್ದೆ. ಅವರು ಹೊಲಿಗೆಯನ್ನ ಸವರುತ್ತಾ, ಗಂಟು ಎಲ್ಲಿದೆ, ಇಲಿ ತಿಂದದ್ದು ಎಲ್ಲಿಗೆ ನಿಲ್ಲುತ್ತೆ, ಎಲ್ಲ ಗುರುತು ಮಾಡಿಕೊಂಡರು.

ಕಷ್ಟವಾದದ್ದು ನಮ್ಮ ಪಾವಗಡವೇ. ಗೊತ್ತಲ್ಲ, ಆಗ ಪಾವಗಡ ತಾಲ್ಲೂಕು ಸೀಮೆಗೆ ಅಂಟಿಕೊಂಡೇ ಇರಲಿಲ್ಲ. ಸುತ್ತ ಮದ್ರಾಸ್ ಸರ್ಕಾರದ ನೆಲ, ನಡುವೆ ನಮ್ಮದೊಂದು ತುಣುಕು ಬೇರೆಯಾಗಿ ಕೂತಿತ್ತು. ಮೇಷ್ಟ್ರು ಅದನ್ನೂ ಹಿಡಿದರು. ಹೊಲಿಗೆಯ ಮೇಲಿನ ಗಂಟಿನಿಂದ ಬೆರಳು ಅಗಲಿಸಿ ಮೇಲಕ್ಕೆ ಸರಿಸಿದರೆ ಸರಿಯಾಗಿ ಪಾವಗಡದ ಮೇಲೆ ಕೂರೋದು. ಆಮೇಲೆ ಮಕ್ಕಳ ಮುಂದೆ, "ನಾವಿರೋದು ಇಲ್ಲಿ ಕಣ್ರಪ್ಪ, ಮನೆಯಿಂದ ಬೇರೆ ಹೋದ ಮಗನ ಹಾಗೆ" ಅಂತ ತೋರಿಸೋರು. ಒಂದು ಸಲವೂ ತಪ್ಪಲಿಲ್ಲ. ಆ ವಯಸ್ಸಿನಲ್ಲಿ ಅಷ್ಟು ಪಟ್ಟು ಹಿಡಿದು ಕಲಿತವರನ್ನ ನಾನು ಬೇರೆ ಕಂಡಿಲ್ಲ.

ತಪಾಸಣೆಯ ದಿನ ಗೊತ್ತಾಯಿತು. ಸುಬ್ಬರಾಯರಿಗೆ ಹಗಲೂ ರಾತ್ರಿ ಅದೇ ಧ್ಯಾನ. ಎಲ್ಲ ಕೋಣೆಗೂ ಸುಣ್ಣ, ಬೆಂಚುಗಳನ್ನ ಹೊಸದಾಗಿ ಜೋಡಿಸೋದು, ಅಂಗಳದ ಮುಳ್ಳು ಕೀಳಿಸೋದು, ಎಲ್ಲ ನಡೀತು. ವೀರಭದ್ರಯ್ಯನವರ ಕೋಣೆಗೆ ಮಾತ್ರ ಬೇರೆ ಕಟ್ಟಪ್ಪಣೆ. ಅಲ್ಲಿ ಸುಣ್ಣ ಹೊಡೀಬಹುದು, ಆದರೆ ಕುರ್ಚಿ, ಮೇಜು, ಕಪ್ಪು ಹಲಗೆ, ಒಂದು ಬೆರಳಷ್ಟೂ ಕದಲಬಾರದು. ಸುಣ್ಣ ಹೊಡೆಯುವಾಗ ಸುಬ್ಬರಾಯರೇ ನಿಂತು ಮೇಜಿನ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಆಮೇಲೆ ಅಲ್ಲಿಗೇ ತಂದು ಇರಿಸಿದರು. ಆ ಮನುಷ್ಯ ತನ್ನ ಮಗಳ ಮದುವೆಗೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ತಪಾಸಣೆಯ ಬೆಳಗ್ಗೆ ನಾನೂ ಸುಬ್ಬರಾಯರೂ ಸಾಹೇಬರನ್ನ ಎದುರುಗೊಳ್ಳೋಕೆ ಊರ ಬಾಗಿಲ ಹತ್ತಿರ ನಿಂತಿದ್ದೆವು. ಆ ಹೊತ್ತಿಗೆ ಸ್ಕೂಲ್ ಕಮಿಟಿಯ ತಿಮ್ಮಾರೆಡ್ಡಿಯವರು ಮಧುಗಿರಿಯಿಂದ ಗಾಡಿಯಲ್ಲಿ ಬಂದಿಳಿದರು. ಕಂಕುಳಲ್ಲಿ ಒಂದು ಉದ್ದನೆಯ ಸುರುಳಿ. ನಮ್ಮ ಸ್ಕೂಲಿನ ಭೂಪಟ ನೋಡಿ ಅವರಿಗೆ ಮೊದಲಿಂದಲೂ ನಾಚಿಕೆ. "ಏಮಿ ಸೋಮಿ, ಆ ಚಿಂದಿ ಪಟ ಇಟ್ಕೊಂಡು ಸಾಹೇಬ್ರ ಮುಂದೆ ನಿಂತ್ಕೊಂತೀರಾ? ನಮ್ಮೂರ ಮಾನ ಏನಾಗ್ಬೇಕು? ನೋಡ್ರಿ, ಹೊಸಾದು ತಂದ್ಬುಟ್ಟೆ," ಅಂತ ಬಿಚ್ಚಿ ತೋರಿಸಿದರು. ನುಣ್ಣಗೆ ಹೊಳೆಯೋ ಕಾಗದ, ಬಣ್ಣ ಬಣ್ಣ. ಹಳೆಯದಕ್ಕಿಂತ ಚಿಕ್ಕದು, ಆದರೆ ಬಹಳ ಚೆನ್ನಾಗಿತ್ತು. ಸುಬ್ಬರಾಯರ ಮುಖ ಅರಳಿತು. ನನಗೂ ಖುಷಿಯಾಯಿತು. "ಹಳೇದರ ಜಾಗದಲ್ಲೇ ತೂಗುಹಾಕಿಸಿ ರೆಡ್ಡಿಯವರೇ, ಜಾಗ ಬದಲಾಯಿಸಬೇಡಿ" ಅಂತ ಸುಬ್ಬರಾಯರು ಎರಡೆರಡು ಸಲ ಹೇಳಿದರು. ರೆಡ್ಡಿಯವರು ಹಾಗೇ ಮಾಡಿದರು, ಅದೇ ಮೊಳೆಗೆ ತೂಗುಹಾಕಿದರು.

ನೀವು ಕೇಳಬಹುದು, ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೀಲಿಲ್ಲವೇ ಅಂತ. ಹೊಳೀಲಿಲ್ಲ. ಕಣ್ಣಿದ್ದವರಿಗೆ ಮೈಸೂರು ಸೀಮೆ ಎರಡರಲ್ಲೂ ಒಂದೇ. ನಾವು ಕುರ್ಚಿ ಕಾಪಾಡಿದೆವು, ಮೇಜು ಕಾಪಾಡಿದೆವು, ಮೊಳೆ ಕೂಡ ಕಾಪಾಡಿದೆವು. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತಾಗ ಸುಬ್ಬರಾಯರು ಊರ ಬಾಗಿಲಿಂದ ಒಂದು ಗಳಿಗೆ ಓಡಿ ಬಂದು, ಕಿವಿ ಹತ್ತಿರ ಬಗ್ಗಿ, "ಎಲ್ಲ ಇದ್ದ ಜಾಗದಲ್ಲೇ ಇದೆ ಮೇಷ್ಟ್ರೇ, ಧೈರ್ಯವಾಗಿರಿ" ಅಂದರು. ಅವರು ನಗುತ್ತಾ, "ನನಗೇನು ಭಯ, ನೀವು ಮೊದಲು ಆ ಚುಂಗು ಬಿಡಿ" ಅಂದರು. ರಾಯರು ಚುಂಗು ತಿರುವೋ ಸದ್ದು ಕೂಡ ಅವರಿಗೆ ಕೇಳುತ್ತಿತ್ತು.

ಸಾಹೇಬರು ಬಂದರು. ಸಣ್ಣ ಆಳು, ಮೆಲ್ಲನೆ ಮಾತು, ಮುಖದಲ್ಲಿ ನಗುವಿಲ್ಲ. ನನ್ನ ತರಗತಿಯಲ್ಲಿ ಲೆಕ್ಕ ಕೇಳಿದರು, ಹೂಂ ಅಂದರು. ಆಮೇಲೆ ಪಕ್ಕಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನನ್ನ ಮಕ್ಕಳಿಗೆ ಏನೋ ಬರೆಯೋಕೆ ಕೊಟ್ಟು ನಾನು ಗೋಡೆ ಹತ್ತಿರ ನಿಂತೆ. ವೀರಭದ್ರಯ್ಯನವರು ಪದ್ಯ ಹೇಳಿದರು, ಅರ್ಥ ಹೇಳಿದರು, ಮಕ್ಕಳು ಪಟಪಟ ಉತ್ತರ ಕೊಟ್ಟವು. ಸಾಹೇಬರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಬ್ಬಾ, ದಾಟಿತು ಅಂದುಕೊಂಡೆ.

"ಭೂಗೋಳ ನೋಡೋಣ ಮೇಷ್ಟ್ರೇ. ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡಿ" ಅಂದರು ಸಾಹೇಬರು.

"ಆಗಲಿ ಸ್ವಾಮಿ." ಮೇಷ್ಟ್ರು ಎದ್ದರು. ಸರಿಯಾಗಿ ಭೂಪಟದ ಮುಂದೆ ಹೋಗಿ ನಿಂತರು. "ನಾವಿರೋದು ಎಲ್ಲಿ ಅಂತ ನೋಡೋಣ" ಅನ್ನುತ್ತಾ ಕೈ ಎತ್ತಿ ಹೊಲಿಗೆ ಇರುವ ಕಡೆಗೆ ಇಟ್ಟರು.

ಹೊಲಿಗೆ ಇರಲಿಲ್ಲ. ಕೈ ನುಣ್ಣಗೆ ಜಾರಿತು. ಆಗ ನನಗೆ ಹೊಳೆಯಿತು. ಬಾಗಿಲಲ್ಲಿ ನಿಂತಿದ್ದ ಸುಬ್ಬರಾಯರಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು, ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮೇಷ್ಟ್ರ ಬೆರಳು ಕೆಳಗೆ ಹೋಯಿತು, ಮೇಲೆ ಬಂತು, ಗಂಟು ಹುಡುಕುತ್ತಾ ಪಕ್ಕಕ್ಕೆ ಹೋಯಿತು, ಕಾಗದ ದಾಟಿ ಬರೀ ಗೋಡೆಗೆ ಬಿತ್ತು. ಬೆರಳ ತುದಿಗೆ ಸುಣ್ಣ ಮೆತ್ತಿಕೊಂಡಿತು. ಅವರು ಮಾತು ನಿಲ್ಲಿಸಲಿಲ್ಲ. "ಸುತ್ತ ಮದ್ರಾಸ್ ಸರ್ಕಾರ... ನಡುವೆ ನಮ್ಮ ತಾಲ್ಲೂಕು..." ಅಂತ ಹೇಳುತ್ತಲೇ ಇದ್ದರು, ಧ್ವನಿ ಮಾತ್ರ ಸಣ್ಣಗಾಗುತ್ತಾ ಬಂತು. ಹಣೆಯ ವಿಭೂತಿ ಮೇಲೆ ಬೆವರು ಇಳಿಯಿತು.

ಮುಂದಿನ ಸಾಲಿನಿಂದ ಲಕ್ಷ್ಮೀನರಸಮ್ಮ ಅನ್ನೋ ಹುಡುಗಿ ಎದ್ದು ನಿಂತಳು. "ಸಾರ್, ನಾನ್ ತೋರಿಸ್ಲಾ ಸಾರ್? ಇವೊತ್ತು ನನ್ ಸರದಿ."

ಅಂಥ ಸರದಿ ಯಾವುದೂ ಆ ತರಗತಿಯಲ್ಲಿರಲಿಲ್ಲ. ಮೇಷ್ಟ್ರು ಉಸಿರು ಬಿಟ್ಟರು. "ಹೂಂ, ಹೂಂ, ಬಾಮ್ಮ, ತೋರಿಸು." ಹುಡುಗಿ ಓಡಿ ಬಂದು ಬೆರಳಿಟ್ಟಳು. "ಇಗೋ ಪಾವಗಡ." "ಸರಿಯಾಗಿ ಹೇಳಿದೆ, ಕೂತ್ಕೋ" ಅಂದರು ಮೇಷ್ಟ್ರು. ಕೈಯಲ್ಲಿದ್ದ ಸುಣ್ಣವನ್ನ ಕೋಟಿಗೆ ಒರೆಸಿಕೊಂಡರು.

ಸಾಹೇಬರು ಬೆಂಚಿನಿಂದ ಎದ್ದು ಮುಂದಕ್ಕೆ ಬಂದರು. ಮೇಷ್ಟ್ರ ಮುಖದ ಎದುರಿಗೆ, ಬಹಳ ಹತ್ತಿರ ನಿಂತರು. ಮೇಷ್ಟ್ರು ಹಿಂದಿನ ಬೆಂಚಿನ ಕಡೆಗೇ ಮುಖ ಮಾಡಿಕೊಂಡಿದ್ದರು.

"ಕಣ್ಣು ಹೋಗಿ ಎಷ್ಟು ಕಾಲವಾಯಿತು ಮೇಷ್ಟ್ರೇ?"

ಮಕ್ಕಳ ಮುಂದೆ ಕೇಳಿಬಿಟ್ಟರಲ್ಲ, ಅದೊಂದೇ ಮೇಷ್ಟ್ರ ತಲೆಯಲ್ಲಿ ಓಡುತ್ತಿತ್ತು ಅಂತ ನನಗೆ ಗೊತ್ತು. ಅವರು ಕೈ ಮುಗಿದು, "ಸ್ವಾಮಿ, ಏನು ಬೇಕಾದರೂ ಬರಕೊಳ್ಳಿ. ಮಕ್ಕಳು ಕೂತಿದ್ದಾವೆ. ಅವಕ್ಕೆ ಇದು ಗೊತ್ತಿಲ್ಲ" ಅಂದರು.

ಸಾಹೇಬರು ಮಕ್ಕಳ ಕಡೆ ತಿರುಗಿದರು. ಅವರಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಯಾವುದನ್ನೇ ಆಗಲಿ ಖಾತ್ರಿ ಮಾಡಿಕೊಳ್ಳೋ ಚಾಳಿ. "ನಿಮ್ಮ ಮೇಷ್ಟ್ರಿಗೆ ಕಣ್ಣು ಕಾಣೋದಿಲ್ಲ ಅಂತ ಮೊದಲೇ ಗೊತ್ತಿದ್ದವರು ಕೈ ಎತ್ತಿ" ಅಂದರು.

ಮೊದಲು ಯಾರೂ ಎತ್ತಲಿಲ್ಲ. ಮಕ್ಕಳಿಗೆ ಸಾಹೇಬರೆಂದರೆ ದೇವರ ಭಯ. ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ತರಗತಿಯ ಕೈ ಮೇಲಿತ್ತು. ಲಕ್ಷ್ಮೀನರಸಮ್ಮ ಒಬ್ಬಳೇ ಎರಡೂ ಕೈಯನ್ನ ಬೆನ್ನ ಹಿಂದೆ ಗಟ್ಟಿಯಾಗಿ ಹಿಡಕೊಂಡು ಕೂತಿದ್ದಳು, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನನ್ನ ತಲೆಗೆ ಒಂದೊಂದೇ ಹತ್ತಿತು. ಆ ತರಗತಿಯ ಮಕ್ಕಳು ಯಾಕೆ ಚೀಲಗಳನ್ನ ದಾರಿಯಲ್ಲಿ ಇಡುತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಹೋದಾಗಲೆಲ್ಲ ಯಾಕೆ ತಮ್ಮ ಹೆಸರು ಹೇಳಿ ಮಾತು ಶುರು ಮಾಡುತ್ತಿದ್ದವು. ಮಳೆ ಬಿದ್ದ ದಿನ ಯಾಕೆ ಮೊದಲೇ ಬಂದು ಮೆಟ್ಟಿಲು ಒರೆಸಿರುತ್ತಿದ್ದವು. ನಾನು ಅದನ್ನೆಲ್ಲ ಮೇಷ್ಟ್ರು ಕಲಿಸಿದ ಶಿಸ್ತು ಅಂತ ತಿಳಿದಿದ್ದೆ. ನಾವು ಮೂವರು ದೊಡ್ಡವರು ಗುಟ್ಟು ಕಾಪಾಡುತ್ತಿದ್ದೇವೆ ಅಂತ ಬೀಗುತ್ತಿದ್ದರೆ, ಆ ಮಕ್ಕಳು ನಮ್ಮಿಂದಲೂ ಮುಚ್ಚಿಟ್ಟು ಕಾಪಾಡಿದ್ದವು.

ಮೇಷ್ಟ್ರು ತಲೆ ಸ್ವಲ್ಪ ಓರೆ ಮಾಡಿ ಕಿವಿ ಕೊಟ್ಟು ನಿಂತಿದ್ದರು. ಕೈ ಎತ್ತಿದರೆ ಸದ್ದೆಲ್ಲಿ ಬರುತ್ತೆ. ಕೊನೆಗೆ ತಡೆಯಲಾರದೆ ಕೇಳಿದರು.

"ಯಾರಾದರೂ ಎತ್ತಿದಾರೇನು ಸ್ವಾಮಿ?"

ಸಾಹೇಬರು ಆ ಕೈಗಳನ್ನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. "ಇಲ್ಲ ಮೇಷ್ಟ್ರೇ. ಯಾರೂ ಎತ್ತಲಿಲ್ಲ."

ಮಕ್ಕಳು ಅದನ್ನ ಕೇಳಿಸಿಕೊಂಡವು. ಒಂದೊಂದಾಗಿ, ಸದ್ದಾಗದ ಹಾಗೆ, ಕೈ ಇಳಿಸಿದವು. "ಅದೇ ನಾನು ಹೇಳಿದ್ದು" ಅಂದರು ಮೇಷ್ಟ್ರು. ಅವರ ಮುಖ ನೋಡಲಾರದೆ ನಾನು ನನ್ನ ತರಗತಿಯ ಕಡೆ ತಿರುಗಿದೆ.

ಸಾಹೇಬರು ಹೊರಡುವಾಗ ಸುಬ್ಬರಾಯರು ಕೈ ಮುಗಿದು ಹಿಂದೆ ಹಿಂದೆ ಹೋದರು. ಒಂದು ವರ್ಷ, ಅದೂ ಬೇಡ, ಬೇಸಗೆ ತನಕ ಬಿಡಿ ಅಂತ ಬೇಡಿಕೊಂಡರು. ಸಾಹೇಬರು ಗಾಡಿ ಹತ್ತುತ್ತಾ ಅಂದದ್ದು ಇಷ್ಟೇ: "ಮಕ್ಕಳ ಮುಂದೆ ಸುಳ್ಳು ಹೇಳಿದ್ದೀನಿ ರಾಯರೇ, ಕಾಗದದಲ್ಲೂ ಹೇಳಲಾ?" ನನಗೆ ಆ ಮನುಷ್ಯನ ಮೇಲೆ ಬಹಳ ಕಾಲ ಕೋಪವಿತ್ತು. ಈಗ ಕೋಪವೂ ಇಲ್ಲ, ಮೆಚ್ಚಿಗೆಯೂ ಇಲ್ಲ. ಮುಂದೆ ನಾನೇ ಅಂಥ ಕಾಗದಗಳನ್ನ ಬರೆಯಬೇಕಾಗಿ ಬಂದಾಗ ನನ್ನ ಕೈಯೂ ಹಾಗೇ ಬರೆಯಿತು.

ಹುಕುಂ ಬಂತು. ಸ್ಕೂಲಿಗೆ ಮಾನ್ಯತೆ ಮುಂದುವರಿದಿತ್ತು, ಪಾಠ ಪ್ರವಚನ ತೃಪ್ತಿಕರ ಅಂತ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಸಹಾಯಕ ಉಪಾಧ್ಯಾಯರಾದ ವೀರಭದ್ರಯ್ಯನವರನ್ನು ದೃಷ್ಟಿದೋಷದ ಕಾರಣ ಸೇವೆಯಿಂದ ಬಿಡುಗಡೆ ಮಾಡತಕ್ಕದ್ದು. ಊರಲ್ಲಿ ಪಾನಕ ಹಂಚಿದರು. ತಿಮ್ಮಾರೆಡ್ಡಿಯವರು ಹೊಸ ಭೂಪಟದ ಪ್ರಭಾವ ಅಂತ ಮೀಸೆ ತಿರುವಿದರು. ಅವರಿಗೆ ಯಾರೂ ಏನೂ ಹೇಳಲಿಲ್ಲ, ಹೇಳಿ ಆಗಬೇಕಾದ್ದೂ ಇರಲಿಲ್ಲ. ಸುಬ್ಬರಾಯರು ಪಾನಕ ಮುಟ್ಟಲಿಲ್ಲ. ಪೀರ್ ಸಾಬಿ ಹಳೇ ಭೂಪಟವನ್ನ ಮುಂದೆ ಹರವಿಕೊಂಡು ಕೂತು, "ಮೈನೇ ಹೀ ಸಿಯಾ ಥಾ, ನಾನೇ ಹೊಲಿದಿದ್ದು ಸಾಬ್" ಅಂತ ಅತ್ತ.

ಆ ಸಾಲನ್ನ ಮೇಷ್ಟ್ರಿಗೆ ಓದಿ ಹೇಳಬೇಕಾದದ್ದು ನಾನೇ. ಕೇಳಿ, "ಮಕ್ಕಳಿಗೆ ವರ್ಗ ಆಯ್ತು ಅಂತ ಹೇಳಿ ರಂಗಪ್ಪ. ಶಿರಾಕ್ಕೆ ಅಂತ ಹೇಳಿ. ಅವತ್ತು ಸಾಹೇಬರು ಅಂದದ್ದನ್ನ ಅವು ನಂಬಿರಲಾರವು, ಹುಡುಗು ಬುದ್ಧಿ, ಮರೆತಿರ್ತಾವೆ" ಅಂದರು. ನಾನು ಹೋಗಿ ತರಗತಿಯಲ್ಲಿ ಹೇಳಿದೆ. ಮಕ್ಕಳು ತಲೆ ತಗ್ಗಿಸಿಕೊಂಡು ಕೇಳಿದವು.

ಹೊರಡೋ ದಿನ ಇಡೀ ತರಗತಿ ಅವರ ಮನೆ ಮುಂದೆ ಬಂದು ನಿಂತಿತ್ತು. ಒಂದೊಂದು ಮಗುವೂ ಹೆಸರು ಹೇಳಿ ಕಾಲಿಗೆ ಬಿತ್ತು. ಲಕ್ಷ್ಮೀನರಸಮ್ಮ ಹೇಳಿದಳು, "ಶಿರಾದಾಗೆ ದೊಡ್ಡ ಸ್ಕೂಲಂತೆ ಸಾರ್. ಅಲ್ಲಿ ಹುಡುಗ್ರು ಬಲೇ ಗಲಾಟೆಯಂತೆ."

"ಗಲಾಟೆ ಮಾಡಿದರೆ ಬಿಡ್ತೀನೇನಮ್ಮ?"

"ನೀವು ಎಲ್ಲಾನೂ ನೋಡ್ತಾ ಇರ್ತೀರ ಸಾರ್, ಅವು ಏಮೀ ಮಾಡಕಾಗಲ್ಲ ಬುಡಿ" ಅಂದಳು.

ಮೇಷ್ಟ್ರು ನಕ್ಕರು. ಅವಳ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ನಾವು ಅವರನ್ನ ಗಾಡಿ ಹತ್ತಿಸಿದೆವು. ಶಿರಾಕ್ಕೆ ಹೋಗೋ ದಾರಿ ಬೇರೆ, ಗಾಡಿ ಹಿಡಿದದ್ದು ಕೊರಟಗೆರೆಗೆ ಹೋಗೋ ಮಧುಗಿರಿ ದಾರಿ. ಅದು ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತು, ಒಂದೂ ಬಾಯಿ ಬಿಡಲಿಲ್ಲ. ಮಕ್ಕಳೆಲ್ಲ ಗಾಡಿಯ ಬಲಗಡೆ ಸಾಲಾಗಿ ನಿಂತು, "ಹೋಗ್‌ಬನ್ನಿ ಸಾರ್" ಅಂತ ಕೈ ಬೀಸಿದವು.

ಎತ್ತಿನ ಗಂಟೆ, ಚಕ್ರದ ಸದ್ದು, ಎಲ್ಲರ ಕೂಗು ಸೇರಿಕೊಂಡು ಮೇಷ್ಟ್ರಿಗೆ ದಿಕ್ಕು ತಪ್ಪಿತು. ಅವರು ಎಡಗಡೆಗೆ ತಿರುಗಿ, ಯಾರೂ ಇಲ್ಲದ ಕಡೆಗೆ, ನಗುನಗುತ್ತಾ ಕೈ ಬೀಸತೊಡಗಿದರು. ಸುಬ್ಬರಾಯರು ಮುಖ ಮುಚ್ಚಿಕೊಂಡರು. ಆಮೇಲೆ ಲಕ್ಷ್ಮೀನರಸಮ್ಮ ಓಡಿದಳು, ಅವಳ ಹಿಂದೆ ಎಲ್ಲ ಓಡಿದವು, ಗಾಡಿಯ ಹಿಂದಿನಿಂದ ಸುತ್ತಿಕೊಂಡು ಹೋಗಿ, ಮೇಷ್ಟ್ರು ಕೈ ಬೀಸುತ್ತಿದ್ದ ಕಡೆಗೆ ನಿಂತುಕೊಂಡವು.